ಎದ್ದರೂ ಚಾವಡಿಗೆ ಬಾರದ ಕಂಪ್ಯೂಟರು

ಏಳುವುದು ಬೇರೆ, ಎದ್ದು ಚಾವಡಿಗೆ ಬರುವುದು ಬೇರೆ. ಈ ವ್ಯತ್ಯಾಸ ನಿಮಗೆ ಹೊಳೆಯದಿದ್ದರೆ ನಮ್ಮ ಮನೆಯಲ್ಲಿ ಒಂದು ಬೆಳಗ್ಗೆ ಕಳೆಯಬೇಕು. ನಾನು ಕೋಳಿ ಕೂಗುವಾಗಲೇ ಏಳುವವನು. ಈ ಮಾತನ್ನು ಶಾಲೆಯಲ್ಲಿ ಮಕ್ಕಳ ಮುಂದೆ ಎದೆಯುಬ್ಬಿಸಿ ಹೇಳಿದ್ದೂ ಉಂಟು. ಆದರೆ ಎದ್ದವನು ಮಂಚದ ಅಂಚಿನಲ್ಲಿ ಕೂತು, ಎದುರಿನ ಗೋಡೆಯನ್ನು ನೋಡುತ್ತ, ಚಪ್ಪಲಿಗಳು ತಾವಾಗಿ ಕಾಲಿಗೆ ಬಂದು ಸೇರಲಿ ಎಂದು ಕಾಯುತ್ತ ಎಷ್ಟು ಹೊತ್ತು ಕಳೆಯುತ್ತೇನೆ ಎಂಬುದನ್ನು ಅವರಿಗೆ ಹೇಳಿಲ್ಲ. ಆ ಹೊತ್ತಿನಲ್ಲಿ ಯಾರಾದರೂ ಹೆಸರು ಕೇಳಿದರೆ ಹೇಳಬಲ್ಲೆ. ಅದಕ್ಕಿಂತ ಹೆಚ್ಚಿನದನ್ನು ಕೇಳಬಾರದು. ಕಾಫಿ ಹೊಟ್ಟೆಗಿಳಿದ ಮೇಲೆಯೇ ನಾನು ಮನೆಯ ಮುಂಭಾಗದ ಚಾವಡಿಗೆ ಬಂದು, ಬಂದವರೊಡನೆ ಮಾತಾಡಿ, ಮನುಷ್ಯರ ಲೆಕ್ಕಕ್ಕೆ ಸೇರುವುದು.

ನಮ್ಮ ಮನೆಯ ಕಂಪ್ಯೂಟರು ಒಂದು ಸಂಜೆ ಥೇಟ್ ಹೀಗೆಯೇ ಮಾಡಿತು. ಶಾಲೆಯಿಂದ ಬಂದು ಗುಂಡಿ ಒತ್ತಿದೆ. ದೀಪ ಹತ್ತಿತು, ಒಳಗಿನ ಫ್ಯಾನು ತಿರುಗಿತು, ಏನೇನೋ ಸಾಲುಗಳು ಸರಸರನೆ ಮೇಲೇರಿದವು. ಆಮೇಲೆ ಬರಬೇಕಾದ ಬಣ್ಣದ ಪರದೆ, ಬಸದಿಯ ಎದುರು ನಾನು ಎದೆ ಸೆಟೆಸಿ ನಿಂತ ಫೋಟೋ, ಅದರ ಮೇಲೆ ಸಾಲಾಗಿ ಕೂತ ಪುಟ್ಟ ಪುಟ್ಟ ಚಿತ್ರಗಳು, ಯಾವುದೂ ಬರಲಿಲ್ಲ. ಬದಲಿಗೆ ಕಪ್ಪು ಪರದೆಯ ಮೂಲೆಯಲ್ಲಿ ಬಿಳಿ ಅಕ್ಷರದ ಒಂದು ಪ್ರಶ್ನೆ: ನೀನು ಯಾರು? ಹೆಸರು ಕೊಟ್ಟೆ. ಗುಟ್ಟಿನ ಪದ ಕೇಳಿತು. ಅದನ್ನೂ ಕೊಟ್ಟೆ. ಮತ್ತೆ ಒಂದು ಸಣ್ಣ ಗೆರೆ ಮಿಣಮಿಣ ಎನ್ನತೊಡಗಿತು, ಅಷ್ಟೆ. ಕರಿಹಲಗೆಯ ಪಕ್ಕ ನಿಂತು ಪ್ರಶ್ನೆ ಕೇಳುತ್ತಲೇ ಕೂದಲು ನರೆಸಿಕೊಂಡವನು ನಾನು. ಕರಿಹಲಗೆಯೇ ನನ್ನನ್ನು ಪ್ರಶ್ನೆ ಕೇಳಿ, ಉತ್ತರ ಸರಿಯೋ ತಪ್ಪೋ ಹೇಳದೆ ಸುಮ್ಮನೆ ಮುಖ ನೋಡಿದ್ದು ಅದೇ ಮೊದಲು.

ಈ ಯಂತ್ರ ನಮ್ಮ ಮೂಡುಬಿದಿರೆಯ ಮನೆಗೆ ಬಂದದ್ದು ಅದ್ದುವಿನ ದೆಸೆಯಿಂದ. ಅದ್ದು ಎಂದರೆ ಅಬ್ದುಲ್ಲ, ಬೆಳ್ತಂಗಡಿಯ ಶಾಲೆಯಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತವನು. ಗಲ್ಫಿಗೆ ಹೋಗಿ ಕೆಲವು ವರ್ಷ ದುಡಿದು ಬಂದು, ಬಂಟ್ವಾಳ ಪೇಟೆಯಲ್ಲಿ ಕಂಪ್ಯೂಟರಿನ ಅಂಗಡಿ ಹಾಕಿದ್ದ. ನನಗೆ ಯಂತ್ರವನ್ನು ಜೋಡಿಸಿ ಕೊಟ್ಟದ್ದಲ್ಲದೆ, ಯಾವುದೋ ಪತ್ರಿಕೆಯ ಜೊತೆ ಬಿಟ್ಟಿ ಬಂದ ಸಿ.ಡಿ.ಯಿಂದ ಅದಕ್ಕೆ ಜೀವ ತುಂಬಿದವನೂ ಅವನೇ. "ಇದರಲ್ಲಿ ವೈರಸ್ ಇಲ್ಲ ಮಾರಾಯ, ನೀನು ಏನು ಮಾಡಿದ್ರೂ ಹಾಳಾಗುದಿಲ್ಲ" ಎಂದು ಭರವಸೆ ಕೊಟ್ಟಿದ್ದ. ಎಲ್ಲರೂ ತಮ್ಮ ಕಂಪ್ಯೂಟರಿನಲ್ಲಿ ಬಳಸುವ ಕಿಟಕಿ ಬಾಗಿಲುಗಳ ವ್ಯವಸ್ಥೆ ಬಿಟ್ಟು ಈ ಸಿ.ಡಿ.ಯ ವ್ಯವಸ್ಥೆಯನ್ನು ಬಳಸುವವನು ಎಂಬ ಒಂದು ಜಂಬ ನನಗೂ ಅಂಟಿಕೊಂಡಿತು. ಸಹೋದ್ಯೋಗಿಗಳ ಎದುರು ಅದರ ಹೆಸರು ಹೇಳುವಾಗ ನನ್ನ ದನಿ ತಾನಾಗಿಯೇ ಸ್ವಲ್ಪ ತಗ್ಗುತ್ತಿತ್ತು. ದೊಡ್ಡ ವಿಷಯಗಳನ್ನು ಮೆಲ್ಲಗೆ ಹೇಳಬೇಕಲ್ಲ.

ಬೇರೆ ದಿನವಾಗಿದ್ದರೆ ಮುಸುಕು ಹೊದೆಸಿ ಸುಮ್ಮನಿರುತ್ತಿದ್ದೆ. ನಾನು ಬರೆಯುವ ಪ್ರಬಂಧಗಳು ಒಂದು ವಾರ ತಡವಾದರೆ ಕನ್ನಡಕ್ಕೆ ನಷ್ಟವೇನೂ ಇಲ್ಲ. ಆದರೆ ಆ ಪೆಟ್ಟಿಗೆಯೊಳಗೆ ಬೆಳುವಾಯಿ ದೊಡ್ಡಮ್ಮನ ದನಿ ಇತ್ತು. ದೊಡ್ಡಮ್ಮ ಎಂದರೆ ನನ್ನ ಹೆಂಡತಿ ಸುಗುಣಳ ತಾಯಿಯ ಅಕ್ಕ. ಆ ಊರಿನಲ್ಲಿ ಅವರ ಶೋಭಾನೆ ಹಾಡು ಇಲ್ಲದೆ ಹೆಣ್ಣು ಧಾರೆಗೆ ನಿಂತದ್ದಿಲ್ಲ. ಅವರಿಗೆ ಗಂಟಲಿನ ಆಪರೇಷನ್ ಆಗಬೇಕು ಎಂದಾದಾಗ ಸುಗುಣ ಟೇಪ್ ರೆಕಾರ್ಡರ್ ಹಿಡಿದುಕೊಂಡು ಬೆಳುವಾಯಿಗೆ ಹೋಗಿ, ಅವರ ಎದುರು ಚಾಪೆ ಹಾಕಿ ಕೂತು, ಎಲ್ಲ ಹಾಡುಗಳನ್ನೂ ಹಾಡಿಸಿ ತಂದಿದ್ದಳು. ನಾನು ಒಂದು ವೈರು ಸಿಕ್ಕಿಸಿ ಅವನ್ನು ಕಂಪ್ಯೂಟರಿಗೆ ಇಳಿಸಿದೆ. ಆಪರೇಷನ್ ಆಯಿತು, ದೊಡ್ಡಮ್ಮ ಉಳಿದರು, ದನಿ ಉಳಿಯಲಿಲ್ಲ. ಈಗ ಅವರದು ಬರೀ ಪಿಸುಮಾತು. ಕ್ಯಾಸೆಟ್ಟಿಗೆ ಮರುವರ್ಷದ ಮಳೆಗಾಲದಲ್ಲಿ ಬೂಷ್ಟು ಹಿಡಿದು ಅದು ಬರೀ ಕೆಮ್ಮತೊಡಗಿತು. ಮುಂದಿನ ವಾರ ದೊಡ್ಡಮ್ಮನ ಮೊಮ್ಮಗಳ ಮದುವೆ. ಆ ಹುಡುಗಿಗೆ ಅಜ್ಜಿಯ ಹಾಡು ಕೇಳಿಸುವುದಿದ್ದರೆ ಈ ಪೆಟ್ಟಿಗೆಯೊಂದೇ ದಾರಿ. "ಹಾಡಿನ ಚಿಂತೆ ನನಗೆ ಬಿಡಿ" ಎಂದು ನಾನು ಬೀಗರ ಎದುರೇ ಮಾತು ಕೊಟ್ಟು ಬಂದಿದ್ದೆ.

ಹಾಗಾಗಿ ಹೆದರಿಕೆ ಆಯಿತು, ಅದನ್ನು ಮುಚ್ಚಿಡುವುದಿಲ್ಲ. ಹೆದರಿದ ಗಂಡಸು ಮಾಡುವುದನ್ನೆಲ್ಲ ಮಾಡಿದೆ. ಆರಿಸಿದೆ, ಹಚ್ಚಿದೆ. ವೈರುಗಳನ್ನು ಕಿತ್ತು ಸಿಕ್ಕಿಸಿದೆ. ಪೆಟ್ಟಿಗೆಯ ಬೆನ್ನಿಗೆ ಮೆಲ್ಲಗೆ ತಟ್ಟಿದೆ, ಆಮೇಲೆ ಅಷ್ಟು ಮೆಲ್ಲಗಲ್ಲದೆ ತಟ್ಟಿದೆ. ಪ್ರತಿ ಸಲವೂ ಅದು ಎದ್ದು ಹೆಸರು ಕೇಳಿ ಕೂತುಬಿಡುತ್ತಿತ್ತು. ಬಾಗಿಲ ಬಳಿ ನಿಂತು ನೋಡುತ್ತಿದ್ದ ಸುಗುಣ ಕೊನೆಗೆ ಹೇಳಿದಳು: "ಅದಕ್ಕೆ ನಿಮ್ಮ ಹೆಸರು ಗೊತ್ತಾಗಿ ಆಯ್ತು. ಇನ್ನು ಎಷ್ಟು ಸಲ ಹೇಳ್ತೀರಿ? ಅದ್ದಣ್ಣನಿಗೆ ಫೋನು ಮಾಡುವ."

ಫೋನು ಮಾಡುವುದು ನಮ್ಮ ಮನೆಯಲ್ಲಿ ಅಷ್ಟು ಸಲೀಸಲ್ಲ. ಊರಿಗೆ ಮೊಬೈಲು ಬಂದಿತ್ತು, ನಮ್ಮ ಮನೆಯೊಳಗೆ ಅದರ ಸಿಗ್ನಲ್ಲು ಬಂದಿರಲಿಲ್ಲ. ದೂರವಾಣಿ ಇರುವುದು ಚಾವಡಿಯಲ್ಲಿ, ಕಂಪ್ಯೂಟರು ಒಳಕೋಣೆಯಲ್ಲಿ, ವೈರು ಅಲ್ಲಿಗೆ ಮುಟ್ಟುವುದಿಲ್ಲ. ಆದ್ದರಿಂದ ಸುಗುಣ ಚಾವಡಿಯಲ್ಲಿ ರಿಸೀವರು ಹಿಡಿದು ನಿಂತಳು, ನಾನು ಒಳಗೆ ಕೀಲಿಮಣೆಯ ಮುಂದೆ ಕೂತೆ. ಬಂಟ್ವಾಳದಿಂದ ಅದ್ದು ಹೇಳಿದ್ದನ್ನು ಅವಳು ಕೂಗಿ ಹೇಳಬೇಕು, ಪರದೆಯಲ್ಲಿ ಕಂಡದ್ದನ್ನು ನಾನು ಕೂಗಿ ಹೇಳಬೇಕು. ಪಕ್ಕದ ಮನೆಯವರಿಗೆ ನಮ್ಮ ದಾಂಪತ್ಯದ ಬಗ್ಗೆ ಅಂದು ಯಾವ ಅಭಿಪ್ರಾಯ ಬಂತೋ ನಾನರಿಯೆ.

"ಡಿ ಅಂತೆ! ಡಬ್ಬದ ಡಿ!"

"ಒತ್ತಿದೆ!"

"ಎಫ್ ಅಂತೆ! ಫ್ಯಾನಿನ ಎಫ್! ಮತ್ತೆ ಆ ದೊಡ್ಡ ಕೀಲಿ ಒತ್ಲಿಕ್ಕುಂಟಂತೆ! ಎಂತ ಬಂತು ಅಂತ ಕೇಳ್ತಾರೆ!"

ಪರದೆಯ ಮೇಲೆ ಕೆಲವು ಅಂಕೆಗಳು ಬಂದವು. ಒಂದು ಕಡೆ ನೂರಕ್ಕೆ ನೂರು ಎಂದಿತ್ತು. ಕನ್ನಡ ಮೇಷ್ಟರಾದವರು ಯಾವ ಮಗುವಿಗೂ ಕೊಡದ ಅಂಕ ಅದು. ನನಗೆ ಒಂದು ಗಳಿಗೆ ಹೆಮ್ಮೆಯೇ ಆಯಿತು. "ನೂರಕ್ಕೆ ನೂರು ಬಂದಿದೆ!" ಎಂದು ಕೂಗಿದೆ. ಸುಗುಣ ಅದನ್ನು ಫೋನಿಗೆ ಹೇಳಿದಳು. ಆಚೆಯಿಂದ ಅದ್ದು ನಕ್ಕದ್ದು ಒಳಕೋಣೆಯವರೆಗೆ ಕೇಳಿಸಿತು.

ಸಂಗತಿ ಇಷ್ಟೇ. ಕಂಪ್ಯೂಟರಿಗೆ ಜ್ವರವಿರಲಿಲ್ಲ, ಹೊಟ್ಟೆ ಬಿರಿದಿತ್ತು. ಒಳಗಿನ ಜಾಗವೆಲ್ಲ ತುಂಬಿ ಹೋಗಿ ಒಂದು ಅಕ್ಷರ ಬರೆಯಲೂ ಎಡೆಯಿರಲಿಲ್ಲ. ಬಣ್ಣದ ಪರದೆ ಬರಬೇಕಾದರೆ ಅದು ತನ್ನಷ್ಟಕ್ಕೆ ಒಂದೆರಡು ಸಾಲು ಗೀಚಿಕೊಳ್ಳಬೇಕಂತೆ. ಅದಕ್ಕೂ ಜಾಗ ಇಲ್ಲದಾಗ ಕರಿ ಪರದೆಯಲ್ಲಿಯೇ ಕೂತುಬಿಡುತ್ತದೆ. ಮದುವೆಯೂಟ ಮಾಡಿ ಬಂದ ಮೇಲೆ ಅಂಗಿ ಬದಲಿಸಲೂ ಆಗದೆ ಗೋಡೆಗೊರಗುವ ನನಗೆ ಇದರಲ್ಲಿ ಅರ್ಥವಾಗದ್ದು ಏನೂ ಇರಲಿಲ್ಲ. ಜಾಗ ತಿಂದದ್ದು ಯಾವುದು ಎಂದು ಹುಡುಕಲು ಅದ್ದು ಇನ್ನೊಂದು ಆಜ್ಞೆ ಹೇಳಿದ. ಅದನ್ನು ಕೊಟ್ಟರೆ ಯಂತ್ರ ಲೆಕ್ಕಕ್ಕೆ ಕೂತು ಏಳಲೇ ಇಲ್ಲ. ಅಷ್ಟರಲ್ಲಿ ಸುಗುಣ ರಿಸೀವರನ್ನು ಮೇಜಿನ ಮೇಲೆ ಮಲಗಿಸಿ, ಕಾಲು ತೊಳೆದು, ದೇವರ ಮುಂದೆ ದೀಪ ಹಚ್ಚಿ ಬಂದಳು. ಅದ್ದು ಆಚೆ ಕಡೆ ಕಾದಿದ್ದ. ಅವನಿಗೆ ನಮ್ಮ ಮನೆಯ ಸಂಜೆಗಳು ಗೊತ್ತು.

ಉತ್ತರ ಬಂತು. ಜಾಗದ ಬಹುಪಾಲನ್ನು ನುಂಗಿ ಕೂತದ್ದು ಕಸದ ಬುಟ್ಟಿ! ನಾವು ಬೇಡವೆಂದು ಅಳಿಸಿದ್ದೆಲ್ಲ ಹೋಗಿ ಬೀಳುವ ಬುಟ್ಟಿ. ಅಳಿಸಿದ ಮೇಲೆ ಆ ಬುಟ್ಟಿಯನ್ನು ಬೇರೆಯಾಗಿ ಖಾಲಿ ಮಾಡಬೇಕು ಎಂಬುದು ನನಗೆ ಗೊತ್ತಿತ್ತು, ಆದರೆ ಮಾಡಿರಲಿಲ್ಲ. ಒಮ್ಮೆ ಬಿಸಾಡಿದ್ದನ್ನು ಇನ್ನೊಮ್ಮೆ ಬಿಸಾಡುವ ಶ್ರದ್ಧೆ ನನ್ನಲ್ಲಿಲ್ಲ. ನನಗೆ ಎಷ್ಟು ನಿರಾಳವಾಯಿತೆಂದರೆ, ಕಸ ತಾನೇ, ಈಗಲೇ ತೆಗೆದು ಎಸೆಯುವ, ಹಾಡು ಉಳಿಯಿತು, ಮಾನ ಉಳಿಯಿತು ಎಂದು ಕೈ ಉಜ್ಜಿಕೊಂಡೆ. ಬೆರಳು ಕೀಲಿಯ ಮೇಲೆ ಇಟ್ಟು ಆಜ್ಞೆಗಾಗಿ ಕಾದೆ. ಚಾವಡಿಯಿಂದ ಸದ್ದಿಲ್ಲ.

"ಎಂತ ಹೇಳಿದ ಅದ್ದು?" ಎಂದು ಕೂಗಿದೆ.

ಸುಗುಣ ಒಳಗೆ ಕೂಗಲಿಲ್ಲ, ಫೋನಿನಲ್ಲಿ ಅದ್ದುವಿಗೇ ಹೇಳುತ್ತಿದ್ದಳು: "ಇಲ್ಲ ಅದ್ದಣ್ಣ, ಈಗ ಆಗ್ಲಿಕ್ಕಿಲ್ಲ. ದೀಪ ಹಚ್ಚಿ ಆಯ್ತು. ದೀಪ ಹಚ್ಚಿದ ಮೇಲೆ ಕಸ ಹೊರಗೆ ಹಾಕ್ಲಿಕ್ಕಿಲ್ಲ."

ನಾನು ಎದ್ದು ಚಾವಡಿಗೆ ಓಡಿದೆ. ಇದು ಆ ಕಸ ಅಲ್ಲವೆಂದೆ. ಇದಕ್ಕೆ ಧೂಳಿಲ್ಲ, ಗುಡಿಸಲು ಹಿಡಿಸೂಡಿ ಬೇಡ, ಹೊಸ್ತಿಲು ದಾಟಬೇಕಾಗಿಲ್ಲ, ವಿದ್ಯುತ್ತಿನ ಚುಕ್ಕಿಗಳು ಅಷ್ಟೆ ಎಂದೆ. ಪಾಠ ಮಾಡುವ ದನಿ ಬಂದುಬಿಟ್ಟಿತು. ಸುಗುಣ ಎಲ್ಲ ಕೇಳಿ, "ಕಸ ಅಂತ ಹೇಳಿದ್ದು ನೀವೇ ಅಲ್ವಾ?" ಎಂದಳು. ನಾನು ರಿಸೀವರು ಕಸಿದು ಅದ್ದುವಿನ ಮೊರೆಹೊಕ್ಕೆ. ಗಲ್ಫು ಕಂಡವನು, ಯಂತ್ರ ಬಲ್ಲವನು, ನನ್ನ ಪಕ್ಷ ಹಿಡಿದಾನು ಎಂದುಕೊಂಡಿದ್ದೆ.

"ನಮ್ಮ ಉಮ್ಮನೂ ಹಾಗೇ ಹೇಳ್ತಿದ್ರು ಮಾರಾಯ, ಸಂಜೆ ಮಗ್ರಿಬ್ ಬಾಂಗ್ ಆದ ಮೇಲೆ ಗುಡಿಸಿ ಹೊರಗೆ ಹಾಕ್ಲಿಕ್ಕಿಲ್ಲ ಅಂತ," ಎಂದ ಆ ದ್ರೋಹಿ. "ಸುಗುಣಕ್ಕ ಹೇಳಿದ್ದು ಹೇಳಿದ್ದೇ. ನನಗೂ ನಮಾಜಿಗೆ ಹೊತ್ತಾಯ್ತು. ಬೆಳಗ್ಗೆ ಮಾಡುವ. ಕಸ ಎಲ್ಲಿಗೂ ಓಡಿ ಹೋಗುದಿಲ್ಲ." ಫೋನು ಇಟ್ಟುಬಿಟ್ಟ.

ಚಾವಡಿಯಲ್ಲಿ ಕೂತು ಹೊಟ್ಟೆ ಉರಿಸಿಕೊಂಡೆ. ಬಾಗಿಲ ಮೂಲೆಯಲ್ಲಿ ಅಂದಿನ ಗುಡಿಸಿದ ಕಸ ಪುಟ್ಟ ಗುಪ್ಪೆಯಾಗಿ ಹಿಡಿಸೂಡಿಯ ಕೆಳಗೆ ಬೆಳಗಿಗಾಗಿ ಕಾಯುತ್ತಿತ್ತು. ಈ ಪದ್ಧತಿಗೆ ಲಕ್ಷ್ಮಿಯ ಹೆಸರು ಹೇಳುವವರಿದ್ದಾರೆ. ನಾನು ತರಗತಿಯಲ್ಲಿ ಬೇರೆಯೇ ಕಾರಣ ಕೊಡುತ್ತಿದ್ದೆ. ಹಿಂದೆ ಮನೆಯಲ್ಲಿ ಇದ್ದದ್ದು ಎಣ್ಣೆಯ ಸೊಡರು. ಆ ಮಂದ ಬೆಳಕಿನಲ್ಲಿ ಹೆಂಗಸರ ಮೂಗುತಿಯೋ ಓಲೆಯ ತಿರುಪೋ ಬಿದ್ದಿದ್ದರೆ ಕಾಣುತ್ತಿರಲಿಲ್ಲ, ಕಸದ ಜೊತೆ ತೋಟದ ಪಾಲಾಗುತ್ತಿತ್ತು. ಅದಕ್ಕಾಗಿ ಬೆಳಗಿನ ತನಕ ಇಟ್ಟು, ಹಗಲಲ್ಲಿ ಒಮ್ಮೆ ಕೆದಕಿ ನೋಡಿ ಬಿಸಾಡುವ ಉಪಾಯ. ಈಗ ಮನೆತುಂಬ ಟ್ಯೂಬ್ ಲೈಟು, ಆದ್ದರಿಂದ ಈ ಆಚಾರದ ಅವಧಿ ಮುಗಿದಿದೆ ಎಂದು ನಾನು ಮಕ್ಕಳಿಗೆ ಬರೆಸುತ್ತಿದ್ದೆ. ಅಂದು ಸಂಜೆ ಅದೇ ಟಿಪ್ಪಣಿಯನ್ನು ಸುಗುಣಳಿಗೂ ಬರೆಸಿದೆ. ಅವಳು ಅಕ್ಕಿ ಆರಿಸುತ್ತ, ಹೂಂ ಎಂದಳು. ಹೂಂ ಎಂಬುದಕ್ಕೆ ಒಪ್ಪಿಗೆ ಎಂಬ ಅರ್ಥ ನಮ್ಮ ಮನೆಯಲ್ಲಿ ಯಾವತ್ತೂ ಇದ್ದಿಲ್ಲ.

ಬೆಳಗಾಯಿತು. ಅದ್ದುವಿಗೆ ಫೋನು ಹೋಯಿತು. ನಾನು ಒಳಗೆ ಕೂರುವ ಮೊದಲು, ರಾತ್ರಿಯಿಡೀ ಕಾಯಿಸಿದ ಸಿಟ್ಟಿಗೆ, ಸುಗುಣಳಿಗೆ ಒಂದು ಮಾತು ಚುಚ್ಚೋಣವೆನಿಸಿತು. "ಈಗ ಆ ಮೂಲೆಯ ಬುಟ್ಟಿ ಖಾಲಿ ಮಾಡ್ತೇನೆ. ಒಪ್ಪಿಗೆ ಉಂಟಲ್ಲ?" ಎಂದೆ.

"ಯಾವ ಮೂಲೆಯ ಬುಟ್ಟಿ?"

"ಪರದೆಯಲ್ಲಿ ಕೆಳಗೆ ಬುಟ್ಟಿಯ ಚಿತ್ರ ಉಂಟಲ್ಲ, ಅದೇ. ಕಸದ ಬುಟ್ಟಿ."

"ಅದು ಕಸದ ಬುಟ್ಟಿಯಾ? ಅಯ್ಯೋ, ದೊಡ್ಡಮ್ಮನ ಹಾಡು ಇರುದು ಅದರಲ್ಲೇ ಅಲ್ವಾ!"

ಸಂಜೆ ನನ್ನ ಬೆರಳು ಕೀಲಿಯ ಮೇಲೆಯೇ ಇತ್ತು. ಈ ಹೆಂಗಸು ದೀಪ ಹಚ್ಚಲು ಸ್ವಲ್ಪ ತಡಮಾಡಿದ್ದರೆ ದೊಡ್ಡಮ್ಮನ ದನಿ ಎರಡನೆಯ ಸಲ ಹೋಗುತ್ತಿತ್ತು, ಈ ಸಲ ನನ್ನ ಕೈಯಿಂದ. ನಮ್ಮ ಮೂಗುತಿ ಕಸದಲ್ಲಿಯೇ ಇತ್ತು.

ಹಾಡುಗಳು ಅಲ್ಲಿಗೆ ಹೋದದ್ದು ಹೇಗೆ? ನಾನು ಅವನ್ನು ಒಂದು ಕಡತದಲ್ಲಿ ಚಂದವಾಗಿ ಹೆಸರು ಬರೆದು ಇಟ್ಟಿದ್ದೆ. ಆದರೆ ಪ್ರತಿ ಭಾನುವಾರ ಪರದೆಯನ್ನು ಓರಣ ಮಾಡುವ ಒಂದು ಚಟ ನನಗುಂಟು. ಅಲ್ಲಿದ್ದದ್ದು ಇಲ್ಲಿಗೆ, ಇಲ್ಲಿದ್ದದ್ದು ಕಾಣದಲ್ಲಿಗೆ. ಸುಗುಣ ಟೈಪು ಮಾಡಿ ಇಟ್ಟಿದ್ದ ಪತ್ರೊಡೆಯ ಅಳತೆ ಹಾಗೆ ಹೋದದ್ದು ಈಗಲೂ ಸಿಕ್ಕಿಲ್ಲ. ಅವಳು ನೋಡಿದಳು. ನಾನು ಒಮ್ಮೆಯೂ ತೆರೆದು ನೋಡದ ಜಾಗ ಆ ಪರದೆಯಲ್ಲಿ ಒಂದೇ ಇತ್ತು, ಆ ಬುಟ್ಟಿ. ನಮ್ಮಲ್ಲಿ ಒಳ್ಳೆಯ ವಸ್ತುಗಳನ್ನು ಇಡುವುದೂ ಬುಟ್ಟಿಯಲ್ಲಿಯೇ, ಮಾಡಿಗೆ ತೂಗು ಹಾಕಿ, ಬೆಕ್ಕಿಗೂ ಗಂಡಸರಿಗೂ ಎಟುಕದ ಹಾಗೆ. ಹಾಗಾಗಿ ಹಾಡುಗಳನ್ನು ಎಳೆದು ಅದರೊಳಗೆ ಹಾಕಿದ್ದಳು.

ಹಾಕಿದ್ದು ಒಂದು ಸಲವಲ್ಲ. ಅದ್ದು ಫೋನಿನಲ್ಲಿ ಒಂದೊಂದೇ ಹೆಸರು ಓದಿಸಿದಾಗ ಗೊತ್ತಾಯಿತು, ಅವೇ ಹಾಡುಗಳು ಮತ್ತೆ ಮತ್ತೆ ಇದ್ದವು. ಒಂದರಿಂದ ಇನ್ನೊಂದು ಪ್ರತಿ ತೆಗೆಯುವುದನ್ನು ಅವಳಿಗೆ ಕಲಿಸಿದ್ದು ನಾನೇ. ಯಾಕೆ ಇಷ್ಟು ಎಂದು ಅದ್ದು ಕೇಳಿದ. ಸುಗುಣ ಅವನಿಗೆ ಸಮಾಧಾನದಿಂದ ವಿವರಿಸಿದಳು: "ಮಿಡಿ ಉಪ್ಪಿನಕಾಯಿ ಹಾಕುವಾಗ ಒಂದೇ ಭರಣಿಯಲ್ಲಿ ಹಾಕ್ತೇವಾ ಅದ್ದಣ್ಣ? ಒಂದಕ್ಕೆ ಬೂಷ್ಟು ಬಂದ್ರೆ ಇನ್ನೊಂದು ಇರ್ಬೇಕಲ್ಲ. ಕ್ಯಾಸೆಟ್ಟಿಗೆ ಬಂದದ್ದು ನೋಡಿದ್ದೇನೆ. ಅದಕ್ಕೆ ಮದುವೆ ಹತ್ತಿರ ಬಂದ ಹಾಗೆ ಇನ್ನೂ ಒಂದೆರಡು ಭರಣಿ ತುಂಬಿಸಿಟ್ಟೆ." ಕೊನೆಯ ಭರಣಿ ತುಂಬಿದ್ದು ಹಿಂದಿನ ದಿನ ಮಧ್ಯಾಹ್ನವೇ. ಯಂತ್ರದ ಹೊಟ್ಟೆ ಬಿರಿದದ್ದು ಅದರಿಂದ. ಗಲ್ಫಿನ ದೊಡ್ಡ ದೊಡ್ಡ ಕಂಪನಿಗಳಲ್ಲಿಯೂ ಹೀಗೆ ಪ್ರತಿ ಇಡುವುದನ್ನು ಕಲಿಸಲು ಜನರನ್ನು ಕೂರಿಸಿ ಪಾಠ ಮಾಡುತ್ತಾರೆ, ಆದರೆ ಎಲ್ಲ ಭರಣಿಯನ್ನೂ ಒಂದೇ ಕಸದ ಬುಟ್ಟಿಯಲ್ಲಿ ಇಡುವುದನ್ನು ಮಾತ್ರ ತಾನು ಕಂಡಿಲ್ಲ ಎಂದ ಅದ್ದು.

ನಾನು ನಗಬಹುದಿತ್ತು. ನಗಲು ಬಾಯಿ ತೆರೆದವನಿಗೆ ನಮ್ಮೂರಿನ ಬಸದಿಗಳ ನೆನಪಾಯಿತು. ಹಳೆಯ ತಾಳೆಗರಿಯ ಗ್ರಂಥಗಳು ಇಲ್ಲಿ ತಲೆಮಾರುಗಟ್ಟಲೆ ಉಳಿದು ಬಂದವಲ್ಲ, ಹೇಗೆ? ಗೆದ್ದಲು ತಿನ್ನುವ ಮೊದಲೇ ಹಳೆಯ ಗರಿಯಿಂದ ಹೊಸ ಗರಿಗೆ ಪ್ರತಿ ತೆಗೆದರು. ಅದಕ್ಕಿಂತ ಮುಖ್ಯವಾಗಿ, ಬಟ್ಟೆಯಲ್ಲಿ ಸುತ್ತಿ, ಯಾರ ಕೈಗೂ ಸುಲಭಕ್ಕೆ ಸಿಗದಲ್ಲಿ ಇಟ್ಟರು. ನನ್ನಂಥ ಓರಣಪ್ರಿಯ ವಿದ್ವಾಂಸನೊಬ್ಬನ ಕೈಗೆ ಸಿಕ್ಕಿದ್ದರೆ ಭಾನುವಾರಕ್ಕೊಮ್ಮೆ ಜಾಗ ಬದಲಿಸಿ, ಕೊನೆಗೆ ಎಲ್ಲಿಟ್ಟೆ ಎಂಬುದನ್ನೇ ಮರೆಯುತ್ತಿದ್ದ. ಪ್ರತಿ ತೆಗೆಯುವುದು, ಅಡಗಿಸಿಡುವುದು. ಮೂಡುಬಿದಿರೆಯ ನೀರು ಕುಡಿದವಳು ಬೇರೇನು ಮಾಡಿಯಾಳು? ತೆರೆದ ಬಾಯಿ ಮುಚ್ಚಿದೆ.

ಅಂತೂ ಹಗಲು ಬೆಳಕಿನಲ್ಲಿ, ಕೆದಕಿ ನೋಡಿ ಕಸ ತೆಗೆದೆವು. ಮೊದಲು ಹಾಡುಗಳ ಒಂದು ಪ್ರತಿಯನ್ನು ಬುಟ್ಟಿಯಿಂದ ಆಚೆ ಇಟ್ಟೆ. ಉಳಿದ ಪ್ರತಿಗಳನ್ನು ಅಳಿಸಲು ಹೊರಟಾಗ, ಈಗ ಚಾವಡಿ ಬಿಟ್ಟು ನನ್ನ ಬೆನ್ನ ಹಿಂದೆಯೇ ಬಂದು ನಿಂತಿದ್ದ ಸುಗುಣ, "ಇನ್ನೊಂದು ಇರ್ಲಿ" ಎಂದಳು. ಎರಡಿಟ್ಟೆ. ಬುಟ್ಟಿಯಲ್ಲಿ ಮತ್ತೆ ಉಳಿದದ್ದೆಲ್ಲ ನನ್ನ ಪ್ರಬಂಧಗಳ ಹಳೆಯ ಕರಡುಗಳು. ಅವುಗಳ ಬಗ್ಗೆ ಯಾರೂ ಒಂದಾದರೂ ಇರಲಿ ಎನ್ನಲಿಲ್ಲ. ಆರಿಸಿ ಹಚ್ಚಿದೆ. ಹೆಸರು ಹೇಳಿದೆ. ಒಂದು ಗಳಿಗೆ ಕಪ್ಪು, ಆಮೇಲೆ ಬಣ್ಣ, ಆಮೇಲೆ ಬಸದಿಯ ಎದುರು ಎದೆ ಸೆಟೆಸಿದ ನಾನು. ಆ ಫೋಟೋದವನನ್ನು ನೋಡಿ ನನಗೇ ನಾಚಿಕೆಯಾಯಿತು. ಹಾಡಿನ ಮೇಲೆ ಒತ್ತಿದೆ. ದೊಡ್ಡಮ್ಮ ಮೊದಲು ಕೆಮ್ಮಿದರು, "ಸುರು ಮಾಡ್ಲಾ?" ಎಂದು ಕೇಳಿದರು, ಹಾಡಿದರು. ಸುಗುಣ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಾವಡಿಯಲ್ಲಿ ಮೇಜಿನ ಮೇಲೆ ಮಲಗಿದ್ದ ಫೋನಿನೊಳಗಿಂದ ಅದ್ದು, "ಬಂತಾ? ಬಂತಾ?" ಎಂದು ಕೂಗುತ್ತಲೇ ಇದ್ದ.

ಆ ಶನಿವಾರವೇ ಅದ್ದು ಬಂಟ್ವಾಳದಿಂದ ಬಂದು ಹಾಡುಗಳನ್ನು ಸಿ.ಡಿ.ಗಳಿಗೆ ಹಾಕಿಕೊಟ್ಟ. ಸುಗುಣ ಅವನ್ನು ಉಪ್ಪಿನಕಾಯಿ ಹಂಚಿದ ಹಾಗೆ ಹಂಚಿದಳು. ಒಂದು ಕೊಕ್ಕಡದ ತವರಿಗೆ, ಒಂದು ಪುತ್ತಿಗೆಯಲ್ಲಿರುವ ನನ್ನ ತಂಗಿಗೆ, ಒಂದು ಅದ್ದುವಿನ ಅಂಗಡಿಗೇ. ಎಲ್ಲ ಕಡೆ ಒಟ್ಟಿಗೆ ಬೂಷ್ಟು ಬರಲಾರದು.

ಮದುವೆಯ ದಿನ ಧಾರೆಯ ಹೊತ್ತಿಗೆ ಮದುವೆ ಮಂಟಪದ ಮೈಕಿನಲ್ಲಿ ಆ ಹಾಡು ಹೊರಟಿತು. ಬಡಿಸುವವರ ಗಲಾಟೆಯೂ ತಗ್ಗಿತು. ಮದುಮಗಳು ತಲೆ ತಗ್ಗಿಸಿಕೊಂಡೇ ಅಜ್ಜಿ ಇದ್ದ ಕಡೆ ಓರೆಗಣ್ಣಲ್ಲಿ ನೋಡಿದಳು. ಮುಂದಿನ ಸಾಲಿನ ಕುರ್ಚಿಯಲ್ಲಿ ದೊಡ್ಡಮ್ಮ ಕೂತಿದ್ದರು. ತಮ್ಮದೇ ದನಿಯ ಜೊತೆ ಅವರ ತುಟಿಗಳು ಸದ್ದಿಲ್ಲದೆ ಆಡುತ್ತಿದ್ದವು. ನಡುವೆ ಒಂದು ಕಡೆ ತಲೆ ಅಲ್ಲಾಡಿಸಿ, ಬೆರಳೆತ್ತಿ, ತಾನೇ ಒಂದು ಸಾಲು ಬಿಟ್ಟದ್ದನ್ನು ಪಕ್ಕದವರಿಗೆ ತೋರಿಸಿಕೊಟ್ಟರು. ಹಾಡು ಮುಗಿದ ಮೇಲೆ ಸುಗುಣಳ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು. ನಾನು ಮಗ್ಗುಲಲ್ಲೇ ಇದ್ದೆ. ಹಾಡಿನ ಚಿಂತೆ ಹೊತ್ತವನಿಗೆ ಎರಡು ಒಳ್ಳೆಯ ಮಾತು ಬರಬಹುದೆಂದು ಕಿವಿಯನ್ನು ಅತ್ತ ಕೊಟ್ಟಿದ್ದೆ.

"ಇಷ್ಟು ಸಮಯ ಎಲ್ಲಿ ಇಟ್ಟಿದ್ದಿ ಮಗಾ ಇದನ್ನು?" ದೊಡ್ಡಮ್ಮ ಪಿಸುಗುಟ್ಟಿದರು.

ಸುಗುಣ ಒಮ್ಮೆ ನನ್ನ ಕಡೆ ನೋಡಿದಳು. "ಕಸದ ಬುಟ್ಟಿಯಲ್ಲಿ, ದೊಡ್ಡಮ್ಮ."

ದೊಡ್ಡಮ್ಮ ಅದನ್ನು ಕೇಳಿ ಬೇಸರಿಸಲಿಲ್ಲ. ಸ್ವಲ್ಪ ಯೋಚಿಸಿ, ಸರಿ ಎಂಬಂತೆ ತಲೆದೂಗಿದರು.

"ಒಳ್ಳೇದಾಯ್ತು. ಮಾಷ್ಟ್ರ ಕೈಗೆ ಸಿಗುವಲ್ಲಿ ಇಟ್ಟಿದ್ರೆ ಉಳೀತಿತ್ತಾ?"